ಮೂರನೆಯ ಗೆರೆ

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ, ಐಸಿಯು ಬಾಗಿಲ ಎದುರಿನ ಬೆಂಚು
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ ಒಂದೂವರೆ

ನೀರಿನ ಮೇಲಿರುವ ನನ್ನ ಮಗಳಿಗೆ, ಅಮ್ಮನ ನೂರು ಆಶೀರ್ವಾದ.

ಹೇಗಿದ್ದೀಯ ಕಂದಾ? ಸೊಂಟ ನೋವು ಎಲ್ಲಿಗೆ ಬಂತು? ಒದ್ದೆ ಹಾಸಿಗೆಬಟ್ಟೆಯ ರಾಶಿಯನ್ನು ಬಗ್ಗಿ ಎತ್ತಬೇಡ, ಮಂಡಿ ಮಡಿಸಿ ಕೂತು ಎತ್ತು ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೆ. ಮೂವತ್ತೊಂದು ವರ್ಷ ರೋಗಿಗಳನ್ನು ಎತ್ತಿ ಇಳಿಸಿದವಳ ಮಾತು ನಿನಗೆ ಯಾವತ್ತು ರುಚಿಸಿದೆ ಹೇಳು. ಹಡಗು ಓಲಾಡಿದರೆ ಈಗಲೂ ವಾಂತಿಯೇ, ಅಥವಾ ಹೊಟ್ಟೆಗೆ ಬುದ್ಧಿ ಬಂತೇ? ಲಾಂಡ್ರಿಯ ಬ್ಲೀಚಿಂಗ್ ಘಾಟಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೋ. ನಮ್ಮ ಮನೆಯವರ ಎದೆ ಎಷ್ಟು ಗಟ್ಟಿ ಎಂಬುದು ನಿನಗೆ ಗೊತ್ತೇ ಇದೆ. ನಾನು ಚೆನ್ನಾಗಿದ್ದೇನೆ. ಮಂಡಿ ಅದರ ಪಾಡಿಗೆ ನೋಯುತ್ತಿದೆ, ನಾನು ನನ್ನ ಪಾಡಿಗೆ ಓಡಾಡುತ್ತಿದ್ದೇನೆ.

ಹೋದ ವಾರ ನಿನ್ನ ಕಂಪನಿಯ ಆಫೀಸಿನಿಂದ ಎರಡು ಸಾಲಿನ ಸಂದೇಶ ಬಂದಿರಬೇಕು. ‘ಮಗು ಆಸ್ಪತ್ರೆಯಲ್ಲಿದೆ. ಚಿಂತೆ ಬೇಡ.’ ಅದನ್ನು ಬರೆಸಿದ್ದು ನಿನ್ನ ಗಂಡ. ಲಿಫ್ಟು ಕೆಟ್ಟು ಎರಡು ಮಹಡಿಯ ನಡುವೆ ಸಿಕ್ಕಿಕೊಂಡವರಿಗೂ ಅವನು ಹೊರಗೆ ನಿಂತು ಸ್ಪ್ಯಾನರ್ ಹಿಡಿದು ಅದನ್ನೇ ಕೂಗುತ್ತಾನಂತೆ. ಒಳ್ಳೆಯ ಹುಡುಗ, ಅವನನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ನಾನು ಹಾಗೆ ಬರೆಯಲಾರೆ. ಚಿಂತೆ ಮಾಡು ಮಗಳೇ. ಯಾರ ಕೈಕಾಲು ಹಿಡಿದಾದರೂ ಸರಿ, ಮುಂದಿನ ಬಂದರಿನಲ್ಲಿ ಇಳಿದು ಬಾ. ಇವತ್ತು ಬೆಳಿಗ್ಗೆ ಅವನ ಕೈಯಲ್ಲಿ ಇನ್ನೊಂದು ಸಂದೇಶ ಕಳಿಸಿದ್ದೇನೆ, ಈ ಸಲದ ಮಾತು ನನ್ನದು. ಈ ಕಾಗದ ಸಂಜೆ ನಾಲ್ಕಕ್ಕೆ ಕಂಪನಿಯ ಟಪಾಲು ಚೀಲದಲ್ಲಿ ಹೊರಟು ಹತ್ತು ದಿನಕ್ಕೆ ನಿನ್ನ ಬಂದರು ಮುಟ್ಟುತ್ತದಂತೆ. ನೀನು ಇದನ್ನು ಓದುವ ಹೊತ್ತಿಗೆ ಇಲ್ಲಿ ಏನಾಗಿರುತ್ತದೋ, ಅದನ್ನು ಯೋಚಿಸಿದರೆ ಪೆನ್ನು ಮುಂದೆ ಹೋಗುವುದಿಲ್ಲ.

ನಮ್ಮ ರೇಡಿಯೋ ಬದುಕಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದವಳು ನಿದ್ದೆ ಬರುವವರೆಗೆ ಬಾಯಿ ಮುಚ್ಚುವುದಿಲ್ಲ ಎಂದು ನೀನೇ ಇಟ್ಟ ಹೆಸರು. ಆರು ವರ್ಷದ ಆ ಬಾಯಲ್ಲಿ ಆರು ದಿನದಿಂದ ಕೊಳವೆಯಿದೆ. ಉಸಿರಾಟದ ಯಂತ್ರ ಅವಳ ಪರವಾಗಿ ಉಸಿರಾಡುತ್ತಿದೆ. ನಿದ್ದೆಯ ಔಷಧ ಕೊಟ್ಟಿರುವುದರಿಂದ ನೋವು ಗೊತ್ತಾಗುವುದಿಲ್ಲ. ಇಂಥ ಸಾವಿರ ಮಕ್ಕಳನ್ನು ನೋಡಿದವಳು ನಾನು, ಯಂತ್ರದ ಪರದೆಯ ಮೇಲಿನ ಅಂಕಿಗಳನ್ನು ಯಾರೂ ನನಗೆ ಓದಿ ಹೇಳಬೇಕಾಗಿಲ್ಲ. ಅದೇ ಕಷ್ಟ. ಪಕ್ಕದ ಬೆಂಚಿನ ತಾಯಿಗೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಆಕೆ ನಡುನಡುವೆ ಕೂತಲ್ಲೇ ನಿದ್ದೆ ಮಾಡುತ್ತಾಳೆ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಾಲ್ಕನೇ ತಾರೀಖು ಸೋಮವಾರ ಶಾಲೆಯಿಂದ ಬಂದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕುತ್ತಿಗೆಯ ಕೆಳಗಿನ ಕುಳಿ ಒಳಕ್ಕೆ ಎಳೆಯುತ್ತಿತ್ತು, ಒಂದು ವಾಕ್ಯ ಮುಗಿಸಲು ಮೂರು ಸಲ ಉಸಿರು ಬೇಕಾಗುತ್ತಿತ್ತು. ನೀನು ಹೇಳಿಹೋದ ಹಾಗೆ ಉಬ್ಬಸದ ಪಂಪು ಬಾಯಿಗಿಟ್ಟು ಒತ್ತಿದೆ, ಹತ್ತು ಸಲ ಒತ್ತಿದೆ. ದಿನಾ ಕೊಡುವ ಪಂಪನ್ನೂ ನಾನು ಒಂದು ದಿನ ತಪ್ಪಿಸಿಲ್ಲ, ಅದೊಂದು ವಿಷಯದಲ್ಲಿ ನನ್ನ ಮೇಲೆ ಬೆರಳು ತೋರಿಸಬೇಡ. ಉಬ್ಬಸ ಇಳಿಯಲಿಲ್ಲ. ಎತ್ತಿಕೊಂಡು ಓಡಿ ಬಂದೆ. ನಾನೇ ಇನ್‌ಚಾರ್ಜ್ ಆಗಿದ್ದ ವಾರ್ಡು, ನಾನೇ ಸಿರಿಂಜು ಹಿಡಿಯಲು ಕಲಿಸಿದ ನರ್ಸುಗಳು, ‘ದೊಡ್ಡ ಸಿಸ್ಟರ್ ಬಂದ್ರು, ದೊಡ್ಡ ಸಿಸ್ಟರ್ ಬಂದ್ರು’ ಎಂದು ಸ್ಟ್ರೆಚರ್ ತಂದರು. ಎರಡು ನಿಮಿಷದಲ್ಲಿ ಮುಖಕ್ಕೆ ನೆಬ್ಯುಲೈಸರ್ ಹಾಕಿ, ಕೈಗೆ ಸೂಜಿ ಚುಚ್ಚಿ ಸ್ಟಿರಾಯ್ಡ್ ಕೊಟ್ಟರು. ಕೇಸ್ ಶೀಟ್ ನೋಡಿದೆ. ಎರಡೇ ಗೆರೆ ಬರೆದಿತ್ತು.

ನಿನಗೆ ನೆನಪಿರಬೇಕು, ಚಿಕ್ಕವಳಿದ್ದಾಗ ನೀನು ನನ್ನ ಮೇಜಿನ ಹತ್ತಿರ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಉಬ್ಬಸದ ಮಗು ಬಂದರೆ ಡಾಕ್ಟರು ಮೆಟ್ಟಿಲು ಹತ್ತುವ ಮೊದಲೇ ನಾನು ಶೀಟಿನಲ್ಲಿ ಮೂರು ಗೆರೆ ಬರೆದಿಡುತ್ತಿದ್ದೆ. ಒಂದು ನೆಬ್ಯುಲೈಸರ್, ಎರಡು ಸ್ಟಿರಾಯ್ಡ್, ಮೂರು ಆಂಟಿಬಯೋಟಿಕ್. ಡಾಕ್ಟರು ಬಂದು ಕೆಳಗೆ ಸಹಿ ಹಾಕುವುದಷ್ಟೇ. ನಮ್ಮ ವಾರ್ಡಿನ ಪದ್ಧತಿಯೇ ಅದು, ಹೊಸದಾಗಿ ಬಂದ ಡಾಕ್ಟರುಗಳು ಅದು ಪುಸ್ತಕದಲ್ಲೇ ಇದೆ ಎಂದುಕೊಂಡಿದ್ದರು. ಮೂರನೆಯ ಗೆರೆ ನಾನು ಸುಮ್ಮನೆ ಸೇರಿಸಿದ್ದಲ್ಲ. ನೀನು ಹುಟ್ಟುವ ಮೊದಲು, ಬರೀ ಉಬ್ಬಸ ಎಂದು ಮಲಗಿಸಿದ್ದ ಒಂದು ಮಗುವಿಗೆ ಒಳಗೆ ನ್ಯುಮೋನಿಯಾ ಇತ್ತು, ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಆ ಮಗು ನನ್ನ ತೋಳಿನ ಮೇಲೆ ಹೋಯಿತು. ಅದರ ತಾಯಿ ನನ್ನ ಕೈ ನೋಡುತ್ತಿದ್ದಳು, ಮುಖ ನೋಡಲಿಲ್ಲ. ಮಾರನೆಯ ದಿನದಿಂದ ನನ್ನ ವಾರ್ಡಿನಲ್ಲಿ ಉಬ್ಬಸದ ಯಾವ ಮಗುವಿಗೂ ಆಂಟಿಬಯೋಟಿಕ್ ತಪ್ಪಲಿಲ್ಲ.

ಈಗ ವಾರ್ಡು ನೋಡಿಕೊಳ್ಳುವವಳು ಒಬ್ಬಳು ಚಿಕ್ಕ ಡಾಕ್ಟರು. ನಿನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಸಣಕಲು ಮೈ, ಜೇಬಿನಲ್ಲಿ ಯಾವಾಗಲೂ ಅರ್ಧ ತಿಂದ ಬಿಸ್ಕತ್ತು ಪೊಟ್ಟಣ. ಅವಳು ಬಂದ ಮೇಲೆ ಹಳೆಯ ಕೇಸ್ ಶೀಟುಗಳನ್ನೆಲ್ಲ ಗೋದಾಮಿನಿಂದ ತೆಗೆಸಿ, ಧೂಳು ಕುಡಿದು ಕೆಮ್ಮುತ್ತಾ ಲೆಕ್ಕ ಹಾಕಿದಳಂತೆ. ನಮ್ಮ ವಾರ್ಡಿಗೆ ಜೋರು ಉಬ್ಬಸದಿಂದ ಬಂದ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಆಂಟಿಬಯೋಟಿಕ್ ಹೋಗಿದೆ, ನಿಜವಾಗಿ ಬೇಕಾಗಿದ್ದದ್ದು ಏಳೋ ಎಂಟೋ ಮಕ್ಕಳಿಗೆ. ಅಷ್ಟು ನೋಡಿದವಳೇ ಮೂರನೆಯ ಗೆರೆ ತೆಗೆಸಿಹಾಕಿದಳು. ಈ ಸುದ್ದಿ ಆಗಲೇ ನನ್ನ ಕಿವಿಗೆ ಬಿದ್ದಿತ್ತು. ನನ್ನ ಮೂವತ್ತೊಂದು ವರ್ಷವನ್ನು ಯಾರೋ ಅಳಿಸಿ ಹಾಕಿದ ಹಾಗಾಗಿತ್ತು. ಹೊಟ್ಟೆ ಉರಿದಿತ್ತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಅವಳು ಬಂದು ಎಷ್ಟು ತಾಳ್ಮೆಯಿಂದ ಹೇಳಿದಳು ಗೊತ್ತೇ. ‘ಅಮ್ಮಾ, ಜ್ವರ ಇಲ್ಲ, ಎಕ್ಸ್-ರೇ ಕ್ಲೀನಾಗಿದೆ. ಇದು ಕ್ರಿಮಿ ಮಾಡ್ತಿರೋದಲ್ಲ, ಉಸಿರಿನ ಕೊಳವೆ ಊದಿಕೊಂಡಿದೆ ಅಷ್ಟೆ. ಆಂಟಿಬಯೋಟಿಕ್ ಕೊಟ್ರೆ ಊತ ಇಳಿಯಲ್ಲ.’ ನನ್ನ ಬಾಯಿ ಸುಮ್ಮನಿರುತ್ತದೆಯೇ? ‘ನೀವು ಹಾಲು ಕುಡೀತಿದ್ದಾಗ ನಾನು ಈ ವಾರ್ಡಲ್ಲಿ ಡ್ರಿಪ್ ಹಾಕ್ತಿದ್ದೆ’ ಎಂದೆ. ಅವಳು ನಕ್ಕು, ‘ಹೌದು, ನನಗೆ ಹಾಕಿದ್ದೂ ನೀವೇ ಇರಬಹುದು’ ಎಂದಳು. ಆ ನಗು ನನಗೆ ಇನ್ನೂ ಸಿಟ್ಟು ತರಿಸಿತು. ಇಡೀ ದಿನ ಕಾರಿಡಾರಿನಲ್ಲಿ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದೆ, ನನ್ನ ಮೊಮ್ಮಗಳ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂದು. ನಿನ್ನ ಗಂಡನ ಕಿವಿಗೂ ತುಂಬಿದೆ. ಪಾಪ, ಅವನಿಗೇನು ಗೊತ್ತು, ಅತ್ತೆ ಹೇಳಿದ್ದೇ ವೇದ ಎಂದು ತಲೆಯಾಡಿಸಿದ.

ಬುಧವಾರ ಹಿರಿಯ ಡಾಕ್ಟರು ರೌಂಡಿಗೆ ಬಂದರು. ನಾವಿಬ್ಬರೂ ಒಟ್ಟಿಗೆ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾನು ಮಂಚದ ಪಕ್ಕ ಎದ್ದು ನಿಂತು ಹಳೆಯ ಕಾಲದ ಹಾಗೆಯೇ, ‘ಸರ್, ಮೂರನೇ ಗೆರೆ ಇಲ್ಲ’ ಎಂದೆ. ಅವರು ಶೀಟು ನೋಡಿದರು, ಚಿಕ್ಕ ಡಾಕ್ಟರನ್ನು ನೋಡಿದರು. ‘ಸಿಸ್ಟರ್ ಹೇಳ್ತಿದ್ದಾರೆ ಅಂದ್ಮೇಲೆ ಬರೆದುಬಿಡಿ, ಒಂದು ಇಂಜೆಕ್ಷನ್ನಿಂದ ಏನು ಗಂಟು ಹೋಗುತ್ತೆ?’ ಎಂದರು. ಎಲ್ಲರ ಎದುರು ಆ ಹುಡುಗಿ ಪೆನ್ನು ತೆಗೆದು ಬರೆದಳು. ಕಿವಿ ಕೆಂಪಾಗಿತ್ತು. ನಾನು ಗೆದ್ದೆ ಕಂದಾ. ಕ್ಯಾಂಟೀನಿಗೆ ಹೋಗಿ ಎರಡು ಲೋಟ ಟೀ ಕುಡಿದೆ.

ಗುರುವಾರ ಪೂರ್ತಿ ಔಷಧ ಹರಿಯಿತು, ಉಬ್ಬಸ ಒಂದು ಕೂದಲಿನಷ್ಟೂ ಇಳಿಯಲಿಲ್ಲ. ರೇಡಿಯೋ ಮಾತು ನಿಲ್ಲಿಸಿದಳು. ಮೊದಲು ಹಾಡು ಹೋಯಿತು, ಆಮೇಲೆ ಕಥೆ, ಕೊನೆಗೆ ಬರೀ ‘ಅಜ್ಜಿ, ನೀರು’. ಶುಕ್ರವಾರ ಬೆಳಿಗ್ಗೆ ಎದೆಯ ಸೀಟಿ ಶಬ್ದ ಒಮ್ಮೆಲೇ ನಿಂತಿತು. ನಿನ್ನ ಗಂಡ, ‘ಅತ್ತೆ, ಕಡಿಮೆ ಆಯ್ತು, ಶಬ್ದ ಇಲ್ಲ ನೋಡಿ’ ಎಂದು ಖುಷಿಯಿಂದ ನನ್ನ ಭುಜ ಹಿಡಿದ. ಶಬ್ದ ನಿಂತರೆ ಒಳಗೆ ಗಾಳಿಯೇ ಆಡುತ್ತಿಲ್ಲ ಎಂದರ್ಥ. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಕೊಳವೆ ಹಾಕಿದವಳು ಚಿಕ್ಕ ಡಾಕ್ಟರೇ. ಒಂದೇ ಪ್ರಯತ್ನಕ್ಕೆ ಹಾಕಿದಳು. ಆಮೇಲೆ ಸಿಂಕಿನ ಹತ್ತಿರ ಹೋಗಿ ತುಂಬ ಹೊತ್ತು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು.

ಊತ ಎರಡು ದಿನಕ್ಕೆ ಇಳಿಯುತ್ತಾ ಬಂತು. ಶನಿವಾರ ಎಲ್ಲರ ಮುಖದಲ್ಲೂ ಸ್ವಲ್ಪ ಕಳೆ ಇತ್ತು, ಸೋಮವಾರ ಕೊಳವೆ ತೆಗೆಯೋಣ ಎಂದಿದ್ದರು. ಭಾನುವಾರ ಜ್ವರ ಬಂತು. ಈ ಸಲ ಎಕ್ಸ್-ರೇಯಲ್ಲಿ ಬಲಗಡೆ ಅರ್ಧ ಬೆಳ್ಳಗೆ. ನಿಜವಾದ ನ್ಯುಮೋನಿಯಾ, ಆಂಟಿಬಯೋಟಿಕ್ ಹರಿಯುತ್ತಿರುವಾಗಲೇ ಬಂದದ್ದು. ಚಿಕ್ಕ ಡಾಕ್ಟರು ಮಂಚದ ಪಕ್ಕದಲ್ಲೇ, ನರ್ಸುಗಳ ಎದುರು ನನ್ನನ್ನು ಕೇಳಿದಳು, ಈ ವರ್ಷ ಮಗುವಿಗೆ ಎಷ್ಟು ಸಲ ಆಂಟಿಬಯೋಟಿಕ್ ಕೊಟ್ಟಿದ್ದೀರಿ ಎಂದು. ಎರಡು ಸಲ ಎಂದೆ. ಫೈಲಿನಲ್ಲೂ ಎರಡೇ ಇತ್ತು. ಕಫವನ್ನು ಲ್ಯಾಬಿಗೆ ಕಳಿಸಿ, ಎರಡು ಸಲ ಕೊಟ್ಟ ಮಗುವಿಗೆ ಸಾಮಾನ್ಯವಾಗಿ ಯಾವುದು ಸಾಕೋ ಆ ಔಷಧ ಶುರುಮಾಡಿದಳು. ದೊಡ್ಡ ಔಷಧವನ್ನು ಸುಮ್ಮಸುಮ್ಮನೆ ಬಳಸುವವಳಲ್ಲ ಅವಳು. ಭಾನುವಾರ, ಸೋಮವಾರ, ಮಂಗಳವಾರ. ಮೂರು ದಿನ ಜ್ವರ ಜಗ್ಗಲಿಲ್ಲ. ನಿನ್ನೆ ಲ್ಯಾಬಿನ ಕಾಗದ ಬಂತು. ಉದ್ದಕ್ಕೆ ಔಷಧಗಳ ಪಟ್ಟಿ, ಪ್ರತಿಯೊಂದರ ಎದುರೂ ‘ಕೆಲಸ ಮಾಡುವುದಿಲ್ಲ’ ಎಂಬ ಗುರುತು. ಕೊನೆಯ ಒಂದೇ ಒಂದರ ಎದುರು ‘ಮಾಡುತ್ತದೆ’. ಆ ಒಂದು ದೊಡ್ಡ ಔಷಧ ಕಿಡ್ನಿಯನ್ನು ಹೊಡೆಯುತ್ತದೆ. ನಿನ್ನೆ ಮಧ್ಯಾಹ್ನ ಅದನ್ನೇ ಶುರುಮಾಡಿದ್ದಾರೆ.

‘ಎರಡೇ ಸಲ ಕೊಟ್ಟ ಮಗುವಲ್ಲಿ ಇಂಥ ಕ್ರಿಮಿ ಹೇಗೆ ಬಂತು?’ ಎಂದು ಆ ಹುಡುಗಿ ಕಾಗದ ಹಿಡಿದುಕೊಂಡು ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಪ್ರತಿ ಸಲ ಔಷಧ ಹೋದಾಗ ಮೆತ್ತಗಿರುವ ಕ್ರಿಮಿಗಳು ಸಾಯುತ್ತವೆ, ಮೊಂಡು ಕ್ರಿಮಿಗಳು ಉಳಿದು ಸಂಸಾರ ಹೂಡುತ್ತವೆ, ಹಾಗೆ ಆಗಲು ಹಲವು ಸಲ ಬೇಕು ಎಂದು ನನಗೇ ವಿವರಿಸಿದಳು. ‘ಆಸ್ಪತ್ರೆ ಸಿಂಕಲ್ಲೇ ಇರ್ತವೆ, ಮೊದಲು ಸಿಂಕು ತೊಳೆಸಿ’ ಎಂದು ಅವಳ ಬಾಯಿ ಮುಚ್ಚಿಸಿದೆ. ಇರಬಹುದು ಎಂದಳು. ನಿಜವಾಗಿಯೂ ಹೋಗಿ ಸಿಂಕು ತೊಳೆಸಿದಳು.

ಈಗ ಎಲ್ಲರ ಸಿಟ್ಟೂ ಅವಳ ಮೇಲೆ. ಭಾನುವಾರವೇ ದೊಡ್ಡ ಔಷಧ ಯಾಕೆ ಹಾಕಲಿಲ್ಲ, ಮೂರು ದಿನ ಯಾಕೆ ಕಳೆದೆ ಎಂದು ಹಿರಿಯ ಡಾಕ್ಟರು ವಾರ್ಡಿನ ನಡುವೆಯೇ ಕೇಳಿದರು. ನಿನ್ನ ಗಂಡ, ನೊಣಕ್ಕೂ ಜೋರು ಮಾಡದವನು, ನಿನ್ನೆ ಈ ಕಾರಿಡಾರಿನಲ್ಲಿ ಅವಳಿಗೆ ಕೈ ತೋರಿಸಿ ಕೂಗಿದ. ‘ನಮ್ಮತ್ತೆ ಮೊದಲೇ ಬಡ್ಕೊಂಡ್ರು! ಕೇಳಿದ್ರಾ ನೀವು?’ ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾಳೆ ಬೆಳಿಗ್ಗೆ ಮೀಟಿಂಗ್ ಇದೆಯಂತೆ. ಅವಳನ್ನು ವಾರ್ಡಿನಿಂದ ತೆಗೆಯುತ್ತಾರೆ ಎಂದು ನರ್ಸುಗಳು ಮಾತಾಡಿಕೊಳ್ಳುತ್ತಿದ್ದಾರೆ. ಮೂರೂ ಗೆರೆಗಳನ್ನು ಇನ್ನು ಅಚ್ಚು ಹಾಕಿಸಿಯೇ ಇಡುತ್ತಾರಂತೆ, ಯಾರೂ ಬರೆಯುವ ತಾಪತ್ರಯವೇ ಬೇಡ ಎಂದು. ಅದನ್ನು ಹೇಳಿದ ನರ್ಸು, ನಾನು ಕಲಿಸಿದವಳು, ‘ನೀವೇ ಸರಿ ಆಯ್ತಲ್ಲ ದೊಡ್ಡ ಸಿಸ್ಟರ್’ ಎಂದು ನನ್ನ ಕೈ ಒತ್ತಿದಳು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇವತ್ತು ಬೆಳಿಗ್ಗೆ ಹತ್ತು ನಿಮಿಷ ಒಳಗೆ ಬಿಟ್ಟಿದ್ದರು. ಮುಖ ಊದಿಕೊಂಡಿದೆ, ನಿನ್ನ ಹಾಗಿದ್ದ ಗಲ್ಲ ಈಗ ಯಾರ ಹಾಗೂ ಇಲ್ಲ. ಮಂಚದ ಕೆಳಗಿನ ಮೂತ್ರದ ಚೀಲ ನೋಡಿದೆ. ನಿನ್ನೆ ಸಂಜೆಯಿಂದ ಬೆಳಗಿನವರೆಗೆ ಒಂದು ಸಣ್ಣ ಟೀ ಲೋಟದಷ್ಟೂ ಇಲ್ಲ. ಕಿಡ್ನಿ ಕೈಕೊಡುತ್ತಿದೆ. ಔಷಧ ನಿಲ್ಲಿಸಿದರೆ ಎದೆ, ಮುಂದುವರಿಸಿದರೆ ಕಿಡ್ನಿ. ‘ಎರಡು ದಿನ ನೋಡೋಣ’ ಎಂದಳು ಚಿಕ್ಕ ಡಾಕ್ಟರು. ಈ ಮಾತನ್ನು ನಾನೇ ಎಷ್ಟು ತಾಯಂದಿರಿಗೆ ಹೇಳಿದ್ದೇನೆ, ಹೇಳುವಾಗ ಒಳಗೆ ಏನಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮಗುವಿನ ಕಾಲು ತಣ್ಣಗಿತ್ತು. ಉಜ್ಜಿದೆ, ಕಾಲುಚೀಲ ಹಾಕಿದೆ. ನೀನು ಸಮುದ್ರದಲ್ಲಿ ತಿಮಿಂಗಿಲ ನೋಡಿದ ಕಥೆಯನ್ನು ಕಿವಿಯಲ್ಲಿ ಹೇಳಿದೆ. ನೀನು ನೋಡಿಲ್ಲ ಎಂದು ನನಗೆ ಗೊತ್ತು, ಆದರೂ ಹೇಳಿದೆ. ಸಾಮಾನ್ಯವಾಗಿ ಆ ಕಥೆಗೆ ನೂರು ಪ್ರಶ್ನೆ ಕೇಳುತ್ತಾಳೆ.

ದೇವರನ್ನು ಬೇಡಿಕೋ ಎಂದು ಬರೆಯೋಣವೆಂದರೆ ನನಗೇ ಬೇಡಿಕೊಳ್ಳಲು ಮುಖವಿಲ್ಲ. ನಿನ್ನ ಗಂಡನಿಗೆ ಊಟ ತಿನ್ನಿಸುವುದೇ ಒಂದು ಕೆಲಸವಾಗಿದೆ, ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಮರೆತುಬಿಡುತ್ತಾನೆ. ನಿನ್ನನ್ನು ತುಂಬ ನೆನೆಸಿಕೊಳ್ಳುತ್ತಾನೆ. ನೀನು ಅಲ್ಲಿ ಒಬ್ಬಳೇ ಕೂತು ಅಳಬೇಡ, ಜೊತೆಯವರ ಹತ್ತಿರ ಹೇಳಿಕೋ. ಸಮುದ್ರ ನಿನ್ನನ್ನು ಸುರಕ್ಷಿತವಾಗಿ ದಡಕ್ಕೆ ಬಿಡಲಿ. ನೀನು ಬರುವವರೆಗೆ ಅವಳ ಕಾಲು ನಾನು ಬೆಚ್ಚಗೆ ಇಡುತ್ತೇನೆ, ಅಷ್ಟು ಮಾತ್ರ ಮಾತು ಕೊಡಬಲ್ಲೆ.

ನಿನ್ನ ಹೆತ್ತವಳು,
ಅಮ್ಮ

ತಾ.ಕ.: ಮೂರೂವರೆ ಆಗಿದೆ, ನಿನ್ನ ಗಂಡ ಕಾಗದ ಒಯ್ಯಲು ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ. ಬೇಗ ಬರೆಯುತ್ತೇನೆ. ಆಂಟಿಬಯೋಟಿಕ್ ಎರಡು ಸಲ ಎಂದದ್ದು ಸುಳ್ಳು. ಒಂಬತ್ತು. ನೀನು ಹೋದಾಗಿನಿಂದ ರೇಡಿಯೋ ಕೆಮ್ಮಿದಾಗಲೆಲ್ಲ ನಾನೇ ಕೊಟ್ಟಿದ್ದೇನೆ. ಔಷಧಿ ಅಂಗಡಿಯವನು ಮೊದಲು ನಮ್ಮ ವಾರ್ಡಿನ ಕಾಂಪೌಂಡರ್ ಆಗಿದ್ದವನು, ನನ್ನ ಹತ್ತಿರ ಡಾಕ್ಟರ ಚೀಟಿ ಕೇಳುವುದಿಲ್ಲ. ಕೆಮ್ಮು ಇಳಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಕೆಮ್ಮಿಗೆ ಕೊಡುತ್ತಿದ್ದೆ. ಬೇರೆ ತಾಯಂದಿರು ಹಾಗೆ ಮಾಡಿದರೆ ನಾನೇ ಬೈಯುತ್ತಿದ್ದೆ. ಭಾನುವಾರ ನಿಜ ಹೇಳಿದ್ದರೆ ಆ ಹುಡುಗಿ ಅವತ್ತೇ ದೊಡ್ಡ ಔಷಧ ಹಾಕುತ್ತಿದ್ದಳು. ಆ ಮೂರು ದಿನ ಕಳೆದವಳು ಅವಳಲ್ಲ, ನಾನು. ನಾನು ಕಲಿಸಿದ ನರ್ಸುಗಳು ಸುತ್ತ ನಿಂತಿದ್ದರು, ನಾಚಿಕೆಯಾಯಿತು, ಅಷ್ಟೇ ಕಾರಣ, ಬೇರೆ ಏನೂ ಇಲ್ಲ. ಲಕೋಟೆ ಅಂಟಿಸದೆ ನಿನ್ನ ಗಂಡನ ಕೈಗೆ ಕೊಡುತ್ತಿದ್ದೇನೆ, ದಾರಿಯಲ್ಲಿ ಓದಿಕೋ ಎಂದು ಹೇಳುತ್ತೇನೆ. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಚಿಕ್ಕ ಡಾಕ್ಟರ ಕೋಣೆಯಲ್ಲಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಒಂದೇ ಮಾತು. ಮುಂದೆ ಅವಳಿಗೆ ಕೆಮ್ಮು ಬಂದರೆ, ಬರಲಿ, ಕೆಮ್ಮು ಬರುವಷ್ಟು ದಿನ ಅವಳು ಇರಲಿ, ಮಗುವನ್ನು ನನ್ನ ಕೈಗೆ ಕೊಡಬೇಡ.